ಫಿಲಿಪ್ಪೀನ್ಸಲ್ಲಿ ಹಾಡು ಬರೆದೋರಿಗೆ ದುಡ್ಡು ಬರ್ಬೇಕಂದ್ರೆ ಏನೇನ್ ಮಾಡ್ಬೇಕು?

ಹಾಡಿದೋರ ಹೆಸ್ರು ಊರಿಗೆಲ್ಲ ಗೊತ್ತಿರುತ್ತೆ, ಬರೆದೋರ್ಯಾರು ಅಂದ್ರೆ ತಲೆ ಕೆರ್ಕೋತಾರೆ, ಇದು ಮನಿಲಾದಲ್ಲೂ ಅಷ್ಟೇ. ಅಲ್ಲಿನ ಕಾನೂನೇನೋ ಬರೆದೋರ ಪರವಾಗೇ ಇದೆ, ಎಡವೋದೆಲ್ಲ ಸೈನ್ ಹಾಕೋ ಪೇಪರಲ್ಲಿ.

ಮೊದಲ್ನೇದು, ಹಕ್ಕು. ಇದನ್ನ ಯಾರೂ ಕೊಡಬೇಕಾಗಿಲ್ಲ, 1997ರ ಬೌದ್ಧಿಕ ಆಸ್ತಿ ಕಾಯ್ದೆ ಪ್ರಕಾರ ಹಾಡು ಹುಟ್ಟಿದಾಗ್ಲೇ ಕಾಪಿರೈಟೂ ಹುಟ್ಟುತ್ತೆ, ಬರೆದೋರು ಇರೋವರೆಗೂ ಆಮೇಲೆ ಇನ್ನೂ 50 ವರ್ಷನೂ ಇರುತ್ತೆ (ನಮ್ಮಲ್ಲಿ 60). ಆದ್ರೂ ಡೆಮೊ ಫೈಲು, ಚಾಟು ಎಲ್ಲ ಜೋಪಾನ ಮಾಡ್ಬೇಕು. ಐಪಿಒಫಿಲ್ ಅನ್ನೋ ಸರ್ಕಾರಿ ಆಫೀಸಲ್ಲಿ ರಿಜಿಸ್ಟರ್ ಮಾಡ್ಸಿದ್ರೆ ನಾಳೆ ಜಗಳ ಬಂದಾಗ ಸಾಕ್ಷಿ ಆಗುತ್ತೆ.

ಇಬ್ರು ಮೂವರು ಸೇರಿ ಬರೆದಿದ್ರೆ ಯಾರಿಗೆಷ್ಟು ಪರ್ಸೆಂಟ್ ಅಂತ ಅವತ್ತೇ ಬರೆದು ಸೈನ್ ಮಾಡ್ಕೊಳ್ಳೋದು. ಹಾಡು ಹಿಟ್ ಆದ್ಮೇಲೆ ಈ ಮಾತೆತ್ತಿದ್ರೆ ಸ್ನೇಹಾನೂ ಹೋಗುತ್ತೆ.

ಈಗ ಅಗ್ರಿಮೆಂಟು, ನಿಧಾನಕ್ಕೆ ಓದ್ಬೇಕಾದ್ದು ಇದನ್ನೇ. ಯಾರೋ ದುಡ್ಡು ಕೊಟ್ಟು ಹಾಡು ಬರೆಸ್ಕೊಂಡ್ರು ಅಂದ್ಕೊಳ್ಳಿ, ಕೈಗೆ ಕೊಟ್ಟ ಹಾಡಿನ ಪ್ರತಿ ಅವರದ್ದು, ಆದ್ರೆ ಕಾಪಿರೈಟ್ ಬರೆದೋರ ಹತ್ರಾನೇ ಉಳಿಯುತ್ತೆ, ಬೇರೆ ಥರ ಅಂತ ಲಿಖಿತದಲ್ಲಿ ಒಪ್ಪಿದ್ರೆ ಮಾತ್ರ ಹೋಗುತ್ತೆ. ಹಕ್ಕು ಬರೆದುಕೊಡೋದೂ ಬರೀ ಬಾಯ್ಮಾತಲ್ಲಿ ಆಗಲ್ಲ. ಅದಕ್ಕೇ ಕೆಲವರು ಒಂದೇ ಸಲ ಇಡೀ ದುಡ್ಡು ಕೊಟ್ಟು ಎಲ್ಲ ಹಕ್ಕೂ ನಮ್ಗೇ ಅನ್ನೋ ಸಾಲೊಂದನ್ನ ತುರುಕಿರ್ತಾರೆ, ಬಾಡಿಗೆ ಕಟ್ಟೋ ಅವಸರದಲ್ಲಿ ಹುಡುಗ್ರು ಸೈನ್ ಹಾಕ್ಬಿಡ್ತಾರೆ, ಆಮೇಲೆ ಹಾಡು ಜಾಹೀರಾತಲ್ಲಿ ಬಂದ್ರೂ ಸಿನಿಮಾದಲ್ಲಿ ಬಂದ್ರೂ ಸೊನ್ನೆ. ಕೊನೇಪಕ್ಷ ಯಾವ ಬಳಕೆಗೆ, ಎಷ್ಟು ವರ್ಷಕ್ಕೆ, ಯಾವ ದೇಶಕ್ಕೆ ಅಂತ ಕೇಳಿ ಬರೆಸ್ಕೊಳ್ಳಲೇಬೇಕು.

ಆಮೇಲೆ ಫಿಲ್ಸ್‌ಕ್ಯಾಪ್ ಸೇರೋದು. 1965ರಲ್ಲಿ ಶುರುವಾದ, ಹಾಡು ಬರೆದೋರ ಸಂಘ, ನಮ್ಮಲ್ಲಿ ಬರೆದೋರ ಪರವಾಗಿ ದುಡ್ಡು ವಸೂಲಿ ಮಾಡೋ ಐಪಿಆರ್‌ಎಸ್ ಇದ್ದಂಗೆ. ಸಾರ್ವಜನಿಕವಾಗಿ ಹಾಡು ಹಾಕೋ ಹಕ್ಕನ್ನ ಮೆಂಬರ್‌ಗಳು ಅದಕ್ಕೆ ಬರೆದುಕೊಡ್ತಾರೆ, ಅದು ಹೋಟ್ಲು, ಬಾರು, ಟಿವಿಯೋರ ಹತ್ರ ಲೈಸೆನ್ಸ್ ಫೀ ವಸೂಲಿ ಮಾಡಿ ಹಂಚುತ್ತೆ. ‘ನಾವು ಬರೀ ರೇಡಿಯೋ ಹಾಕಿದ್ವಿ’ ಅಂತ ಬಾಗಿಯೋ ಊರಿನ ರೆಸ್ಟೋರೆಂಟ್ ಕಂಪನಿಯೊಂದು ವಾದ ಮಾಡಿತ್ತು, ಸ್ಪೀಕರಲ್ಲಿ ಗಿರಾಕಿಗಳಿಗೆ ಕೇಳ್ಸಿದ್ರೆ ಅದಕ್ಕೂ ಲೈಸೆನ್ಸ್ ಬೇಕು ಅಂತ 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳ್ತು.

ಮೆಂಬರ್ ಆದ್ರೆ ಮುಗೀತು ಅಂತಲ್ಲ, ಪ್ರತಿ ಹಾಡಿನ ಹೆಸ್ರು, ಬರೆದೋರು, ಪಾಲು ಎಲ್ಲ ಅಲ್ಲಿ ದಾಖಲು ಮಾಡ್ಬೇಕು. ಸ್ಟ್ರೀಮಿಂಗಿಗೆ ಹಾಕೋವಾಗ್ಲೂ ಬರೆದೋರ ಹೆಸ್ರು ಅದೇ ಸ್ಪೆಲಿಂಗಲ್ಲಿ ಇರ್ಲಿ, ಗಾಯಕರ ಹೆಸ್ರೊಂದೇ ತುಂಬ್ಸಿ ಅಪ್‌ಲೋಡ್ ಮಾಡಿದ್ರೆ ಈ ದುಡ್ಡು ಯಾರ್ದು ಅಂತ ಹುಡುಕೋರೇ ಇರಲ್ಲ.