ಹೆಚ್ಚು ಕೂಗುವ ಸಾಲವೇ ಹೆಚ್ಚು ಅಪಾಯದ ಸಾಲವಲ್ಲ

ದುಡಿಯುವ ಇಬ್ಬರಲ್ಲಿ ಒಬ್ಬರ ಕೆಲಸ ಹೋದರೆ ಮೊದಲ ತಿಂಗಳು ಉಳಿತಾಯದಲ್ಲಿ ಕಳೆಯುತ್ತದೆ, ಎರಡನೆಯ ತಿಂಗಳು ಕ್ರೆಡಿಟ್ ಕಾರ್ಡಿನಲ್ಲಿ ಕಳೆಯುತ್ತದೆ, ಮೂರನೆಯ ತಿಂಗಳಿನಿಂದ ಫೋನು ಬಡಿದುಕೊಳ್ಳತೊಡಗುತ್ತದೆ. ಮೊದಲು ಕರೆ ಮಾಡುವವರು ಸಾಮಾನ್ಯವಾಗಿ ಕಾರ್ಡಿನವರು ಮತ್ತು ಆ್ಯಪ್ ಸಾಲದವರು. ಗೃಹಸಾಲ ಕೊಟ್ಟ ಬ್ಯಾಂಕು ಒಂದೆರಡು ಸಂದೇಶ ಕಳಿಸಿ ಸುಮ್ಮನಿರುತ್ತದೆ. ಗದರಿದವರಿಗೆ ಕೊಟ್ಟು, ಸುಮ್ಮನಿರುವವರನ್ನು ಮುಂದಿನ ತಿಂಗಳು ನೋಡಿಕೊಳ್ಳೋಣವೆಂದು ಬಿಡುವುದು ಮನುಷ್ಯಸಹಜವಾದರೂ ಅದು ಪೂರ್ತಿ ತಲೆಕೆಳಗಾದ ಕ್ರಮ. ಆಧಾರವಿಲ್ಲದೆ ಸಾಲ ಕೊಟ್ಟವರ ಕೈಯಲ್ಲಿ ಕೂಗುವುದನ್ನು ಬಿಟ್ಟರೆ ಹೆಚ್ಚಿನ ಅಸ್ತ್ರವಿಲ್ಲ, ಆದ್ದರಿಂದ ಅವರು ಕೂಗುತ್ತಾರೆ. ಮನೆಯ ಪತ್ರ ಇಟ್ಟುಕೊಂಡವರಿಗೆ ಕೂಗುವ ಅಗತ್ಯವೇ ಇರುವುದಿಲ್ಲ.

ಕೆಳಗಿನ ಲೆಕ್ಕಕ್ಕೆ ಬೆಂಗಳೂರಿನ ಯಲಹಂಕದ ಒಂದು ಕಲ್ಪಿತ ಸಂಸಾರವನ್ನು ಇಟ್ಟುಕೊಳ್ಳೋಣ. ಹೆಂಡತಿ ಖಾಸಗಿ ಶಾಲೆಯ ಶಿಕ್ಷಕಿ, ಕೈಗೆ ಬರುವ ಸಂಬಳ 38,000 ರೂ. ಗಂಡನ ಕಂಪನಿಯ ಕೆಲಸ ಹೋಗಿದೆ.

ಮೊದಲ ಹೆಜ್ಜೆ: ಎಲ್ಲ ಸಾಲವೂ ಒಂದೇ ಹಾಳೆಯಲ್ಲಿ

ಒಂದು ಭಾನುವಾರ ಇಬ್ಬರೂ ಕುಳಿತು, ಯಾರಿಗೆ ಕೊಡಬೇಕು, ಅಸಲು ಎಷ್ಟು ಉಳಿದಿದೆ, ವರ್ಷದ ಬಡ್ಡಿ ಎಷ್ಟು, ಕಂತು ಯಾವ ತಾರೀಖಿಗೆ, ಆಧಾರವಾಗಿ ಏನಿದೆ, ಸಹಿ ಯಾರದು, ಜಾಮೀನು ಯಾರದು ಎಂಬ ಏಳು ಅಂಕಣಗಳನ್ನು ಹಾಕಿ ಬರೆಯಿರಿ. ಬ್ಯಾಂಕು ಮತ್ತು ಹಣಕಾಸು ಕಂಪನಿಗಳ ಸಾಲ ಮರೆತುಹೋಗಿರಬಹುದು ಎಂಬ ಅನುಮಾನವಿದ್ದರೆ, ದೇಶದಲ್ಲಿರುವ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು ಎಂಬ ನಿಯಮವಿದೆ, ಅದನ್ನು ತರಿಸಿಕೊಳ್ಳಿ. ಕೈಸಾಲ, ಚೀಟಿ, ಗಿರವಿ ಅಂಗಡಿಯ ಬಾಕಿ ಆ ವರದಿಯಲ್ಲಿ ಕಾಣುವುದಿಲ್ಲ. ಅವುಗಳನ್ನು ಬಾಯಿಬಿಟ್ಟು ಹೇಳಿಯೇ ಬರೆಯಬೇಕು. ಹಾಳೆಯ ಮುಂದೆ ಮೌನ ಬೆಳೆಯುವುದು ಸಾಮಾನ್ಯವಾಗಿ ಇಲ್ಲಿಯೇ, ಏಕೆಂದರೆ ಬಹಳಷ್ಟು ಮನೆಗಳಲ್ಲಿ ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಎತ್ತಿದ ಒಂದು ಸಾಲ ಇದ್ದೇ ಇರುತ್ತದೆ. ಅದು ಏಕೆ ಆಯಿತು ಎಂಬ ವಿಚಾರಣೆಯನ್ನು ಬೇರೆ ದಿನಕ್ಕೆ ಇಟ್ಟುಕೊಂಡು, ಆ ದಿನ ಎಷ್ಟು ಎಂಬುದನ್ನಷ್ಟೇ ಬರೆದುಕೊಳ್ಳುವುದು ಲೇಸು.

ನೂರಕ್ಕೆ ಮೂರು ರೂಪಾಯಿ ಎಂದು ತಿಂಗಳ ಲೆಕ್ಕದಲ್ಲಿ ಹೇಳುವ ಬಡ್ಡಿಯನ್ನು ಹನ್ನೆರಡರಿಂದ ಗುಣಿಸಿ ಶೇ. 36 ಎಂದೇ ಬರೆಯಿರಿ. ಆಗ ಮಾತ್ರ ಶೇ. 8.5ರ ಗೃಹಸಾಲದ ಪಕ್ಕದಲ್ಲಿ ಅದರ ನಿಜವಾದ ಎತ್ತರ ಕಾಣುತ್ತದೆ.

ನಮ್ಮ ಯಲಹಂಕದ ಸಂಸಾರದ ಹಾಳೆ ಹೀಗಿದೆ ಎನ್ನೋಣ: 30 ಲಕ್ಷದ ಗೃಹಸಾಲಕ್ಕೆ ಕಂತು 26,000 ರೂ.; ವೈಯಕ್ತಿಕ ಸಾಲಕ್ಕೆ 11,000; ಎತ್ತಿಯಾದ ಚೀಟಿಗೆ 5,000; ಭಾವನಿಂದ ನೂರಕ್ಕೆ ಎರಡರಂತೆ ತಂದ ಒಂದು ಲಕ್ಷಕ್ಕೆ ಬಡ್ಡಿ 2,000; ಎರಡು ಲಕ್ಷದ ಕಾರ್ಡ್ ಬಾಕಿಗೆ ಕನಿಷ್ಠ ಪಾವತಿ 10,000. ಮೊತ್ತ 54,000 ರೂ. ಇದರ ಜೊತೆಗೆ 40,000 ರೂ.ಗಳ ಆ್ಯಪ್ ಸಾಲ ಬೇರೆ ಇದೆ. ದಿನಸಿ ತರುವ ಮೊದಲೇ ಸಂಬಳಕ್ಕಿಂತ 16,000 ರೂ. ಹೆಚ್ಚು. ಎಷ್ಟೇ ಬಿಗಿ ಹಿಡಿದರೂ ಎಲ್ಲವನ್ನೂ ಕಟ್ಟಲಾಗುವುದಿಲ್ಲ ಎಂದು ಹಾಳೆಯೇ ಹೇಳುತ್ತಿರುವಾಗ ಕಾಫಿಪುಡಿಯ ಖರ್ಚಿನ ಬಗ್ಗೆ ಜಗಳವಾಡುವುದರಲ್ಲಿ ಅರ್ಥವಿಲ್ಲ.

ಎರಡನೆಯ ಹೆಜ್ಜೆ: ಕಟ್ಟದಿದ್ದರೆ ಏನು ಹೋಗುತ್ತದೆ ಎಂಬ ಕ್ರಮ

ಊಟ, ವಿದ್ಯುತ್, ಔಷಧಿ, ಬಾಡಿಗೆ, ಮಕ್ಕಳ ಶಾಲೆ ಇವು ಎಲ್ಲ ಸಾಲಗಳಿಗಿಂತ ಮೊದಲು. ಆ ಸಾಲಿಗೆ ಆರೋಗ್ಯ ವಿಮೆಯನ್ನೂ ಸೇರಿಸಬೇಕು, ಏಕೆಂದರೆ ಕಂಪನಿ ಕೊಟ್ಟ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಕೆಲಸ ಬಿಡುವ ದಿನಕ್ಕೆ ಮೊದಲೇ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಡುವಂತೆ ಕೇಳಬಹುದು. ಸಾಲದ ಮೇಲೆ ಒಂದು ಆಸ್ಪತ್ರೆಯ ಬಿಲ್ಲೂ ಬಿದ್ದರೆ ಮುಂದಿನ ಯಾವ ಹೆಜ್ಜೆಯೂ ಉಪಯೋಗಕ್ಕೆ ಬಾರದು.

ಆಮೇಲೆ ಗೃಹಸಾಲ. ಕಂತು 90 ದಿನಗಳಿಗಿಂತ ಹೆಚ್ಚು ಬಾಕಿಯಾದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ. ಆಗ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ಗಡುವಿನ ನೋಟಿಸು ಕೊಟ್ಟು, ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆಯನ್ನು ಸ್ವಾಧೀನಪಡಿಸಿಕೊಳ್ಳುವ ಕ್ರಮ ಆರಂಭಿಸಬಹುದು. ಆ ಕ್ರಮವನ್ನು ಪ್ರಶ್ನಿಸಲು ಸಾಲ ವಸೂಲಾತಿ ನ್ಯಾಯಮಂಡಳಿಗೆ 45 ದಿನಗಳೊಳಗೆ ಹೋಗಬೇಕು. ಅಂದರೆ ಮೌನವಾಗಿರುವ ಈ ಸಾಲ ಐದಾರು ತಿಂಗಳಲ್ಲಿ ಬಾಗಿಲಿಗೆ ಬರುತ್ತದೆ.

ಮೂರನೆಯ ಸ್ಥಾನ ಜಾಮೀನುದಾರರಿರುವ ಸಾಲಕ್ಕೆ ಮತ್ತು ಸಹಿ ಮಾಡಿದ ಚೆಕ್ಕು ಕೊಟ್ಟು ತಂದ ಸಾಲಕ್ಕೆ. ಕಾನೂನಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ ದೊಡ್ಡದು. ಸಹೋದ್ಯೋಗಿಯ ಸಂಬಳಕ್ಕೆ ಕೈ ಹಾಕಿಸಿದ ಮೇಲೆ ಸ್ನೇಹ ಉಳಿಯುವುದು ಕಷ್ಟ. ಚೆಕ್ಕು ಬೌನ್ಸ್ ಆದರೆ ಪ್ರಕರಣ ಕ್ರಿಮಿನಲ್ ಸ್ವರೂಪದ್ದು: ಹಿಂತಿರುಗಿದ ಮಾಹಿತಿ ಬಂದ 30 ದಿನಗಳೊಳಗೆ ಸಾಲ ಕೊಟ್ಟವರು ನೋಟಿಸು ಕಳಿಸುತ್ತಾರೆ, ನೋಟಿಸು ತಲುಪಿದ 15 ದಿನಗಳೊಳಗೆ ಹಣ ಕಟ್ಟದಿದ್ದರೆ ದೂರು ದಾಖಲಿಸಬಹುದು, ಶಿಕ್ಷೆ ಎರಡು ವರ್ಷಗಳ ಜೈಲಿನವರೆಗೆ ಹೋಗಬಹುದು. ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ಹಣವಿಲ್ಲದೆ ಹಿಂತಿರುಗಿದರೂ ಇದೇ ಬಗೆಯ ಕಾನೂನಿದೆ. ಆದ್ದರಿಂದ ಹಣವಿಲ್ಲದ ತಿಂಗಳು ಬ್ಯಾಂಕಿಗೆ ಮೊದಲೇ ಬರೆದು ತಿಳಿಸುವುದು ಕೇವಲ ಸೌಜನ್ಯದ ಮಾತಲ್ಲ.

ಕಾರ್ಡು, ಆಧಾರವಿಲ್ಲದ ವೈಯಕ್ತಿಕ ಸಾಲ ಮತ್ತು ಆ್ಯಪ್ ಸಾಲ ಕೊನೆಯ ಸ್ಥಾನದವು. ಇವುಗಳನ್ನು ಕಟ್ಟಬೇಕಿಲ್ಲ ಎಂದು ನಾನು ಹೇಳುತ್ತಿಲ್ಲ. ಕಟ್ಟಲಾಗದಿದ್ದರೆ ಬಡ್ಡಿ ಬೆಳೆಯುತ್ತದೆ, ಕ್ರೆಡಿಟ್ ಅಂಕ ಬೀಳುತ್ತದೆ, ಮುಂದೆ ಸಿವಿಲ್ ದಾವೆಯೂ ಆಗಬಹುದು. ಆದರೆ ತೀರ್ಪಿನ ನಂತರವೂ ಸಂಬಳದ ಮೊದಲ ಸಾವಿರ ರೂಪಾಯಿ ಬಿಟ್ಟು ಉಳಿದುದರ ಮೂರರಲ್ಲಿ ಒಂದು ಪಾಲನ್ನಷ್ಟೇ ಜಪ್ತಿ ಮಾಡಬಹುದು. ಗಂಡನೊಬ್ಬನ ಸಹಿಯಿರುವ ಸಾಲಕ್ಕೆ ಹೆಂಡತಿ ಸಹ-ಸಾಲಗಾರ್ತಿಯೋ ಜಾಮೀನುದಾರಳೋ ಆಗಿರದಿದ್ದರೆ ಆಕೆಯ ಸಂಬಳಕ್ಕೆ ಯಾರೂ ಬರುವಂತಿಲ್ಲ. ಸಹಿ ಯಾರದು ಎಂಬ ಅಂಕಣವನ್ನು ಹಾಕಿಸಿದ್ದು ಇದಕ್ಕಾಗಿ.

ಮೂರನೆಯ ಹೆಜ್ಜೆ: ಕೆಲಸ ಬಿಟ್ಟವರಿಗೆ ಬರಬೇಕಾದುದು

ಕೊನೆಯ ಸಂಬಳ, ರಜೆಯ ಹಣ, ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ಇವನ್ನು ಕಂಪನಿಯಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದವರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ನಿರುದ್ಯೋಗ ಪರಿಹಾರವನ್ನು ತಮ್ಮ ಶಾಖಾ ಕಚೇರಿಯಲ್ಲಿ ವಿಚಾರಿಸಬೇಕು. ಭವಿಷ್ಯ ನಿಧಿಯಿಂದ ನಿರುದ್ಯೋಗದ ಕಾರಣಕ್ಕೆ ಖಾತೆಯ ಮುಕ್ಕಾಲು ಪಾಲಿನವರೆಗೆ ಹಿಂಪಡೆಯಲು ಅವಕಾಶವಿದೆ. ಸೇವೆ ಐದು ವರ್ಷಕ್ಕಿಂತ ಕಡಿಮೆಯಿದ್ದರೆ ಆ ಹಣಕ್ಕೆ ತೆರಿಗೆ ಬೀಳಬಹುದು.

ಭವಿಷ್ಯ ನಿಧಿಯ ಹಣ ಬಂದ ದಿನ ಎರಡು ಆಸೆಗಳು ಹುಟ್ಟುತ್ತವೆ. ಒಂದು, ಇಡೀ ಹಣವನ್ನು ಸಾಲ ಕೊಟ್ಟವರ ಮುಖಕ್ಕೆ ಎಸೆದು ನಿರಾಳವಾಗುವುದು. ಇನ್ನೊಂದು, ಎಲ್ಲಿಯಾದರೂ ಒಂದು ಸಣ್ಣ ದರ್ಶಿನಿ ಹಾಕುವುದು. ಎರಡನೆಯದರ ಬಗ್ಗೆ ಹೇಳುವುದಾದರೆ, ಸಾಲದ ನಡುವೆ, ಅನುಭವವಿಲ್ಲದೆ, ನಿವೃತ್ತಿಯ ಹಣದಲ್ಲಿ ಹೋಟೆಲು ತೆರೆಯುವುದಕ್ಕೆ ನಾನು ಯಾರಿಗೂ ಸಲಹೆ ಕೊಡಲಾರೆ. ಮೊದಲನೆಯದನ್ನು ಲೆಕ್ಕ ಹಾಕಿ ನೋಡೋಣ. ನಮ್ಮ ಸಂಸಾರದ ಭವಿಷ್ಯ ನಿಧಿ ಖಾತೆಯಲ್ಲಿ 6 ಲಕ್ಷವಿದ್ದು, 4.5 ಲಕ್ಷ ಕೈಗೆ ಬಂತು ಎನ್ನೋಣ. ಮನೆಖರ್ಚನ್ನು 20,000ಕ್ಕೆ ಇಳಿಸಿ, ಕಾರ್ಡು ಮತ್ತು ಆ್ಯಪ್ ಸಾಲ ಬಿಟ್ಟು ಉಳಿದ ಕಂತುಗಳನ್ನೆಲ್ಲ ಕಟ್ಟಿದರೆ ತಿಂಗಳಿಗೆ 64,000 ಬೇಕು, ಕೊರತೆ 26,000. ಆರು ತಿಂಗಳ ಕೊರತೆಯಾದ 1.56 ಲಕ್ಷವನ್ನು ಮೊದಲು ಪ್ರತ್ಯೇಕ ಖಾತೆಯಲ್ಲಿ ಇಟ್ಟ ಮೇಲೆಯೇ ಕಾರ್ಡಿನ ಎರಡು ಲಕ್ಷವನ್ನೂ ಆ್ಯಪಿನ 40,000 ರೂ.ಗಳನ್ನೂ ತೀರಿಸಬೇಕು. ಆಗಲೂ 54,000 ರೂ. ಉಳಿಯುತ್ತದೆ, ಅದು ಇನ್ನೆರಡು ತಿಂಗಳ ಉಸಿರು.

ಕಾರ್ಡನ್ನು ಒಟ್ಟಿಗೆ ತೀರಿಸುವುದು ಏಕೆ? ತಿಂಗಳಿಗೆ ಶೇ. 3.5ರಂತೆ ಎರಡು ಲಕ್ಷಕ್ಕೆ ಬಡ್ಡಿ 7,000 ರೂ., ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ 1,260. ಕನಿಷ್ಠ ಪಾವತಿ ಎಂದು 10,000 ಕಟ್ಟಿದರೂ ಅಸಲಿಗೆ ಹೋಗುವುದು 1,740 ರೂ. ಮಾತ್ರ. ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿರಹಿತ ದಿನಗಳೂ ಸಿಗುವುದಿಲ್ಲ, ಹಾಗಾಗಿ ಅದೇ ಕಾರ್ಡಿನಲ್ಲಿ ದಿನಸಿ ತಂದರೆ ಅಕ್ಕಿಗೂ ಅದೇ ಬಡ್ಡಿ.

ಭವಿಷ್ಯ ನಿಧಿ ಇಲ್ಲದ ಮನೆಗಳಲ್ಲಿ ಈ ಕೆಲಸಕ್ಕೆ ಒದಗುವುದು ಬಂಗಾರ. ಬ್ಯಾಂಕಿನಲ್ಲಿ ಒಡವೆ ಅಡವಿಟ್ಟು ತಂದ ಸಾಲದ ಬಡ್ಡಿ ಕಾರ್ಡಿನ ಬಡ್ಡಿಗಿಂತ ಎಷ್ಟೋ ಕಡಿಮೆ. ಆದರೆ ಅದು ತವರಿನವರು ಹೆಂಡತಿಗೆ ಹಾಕಿದ ಒಡವೆಯಾಗಿದ್ದರೆ ಕೇಳಿ ಪಡೆಯಬೇಕೇ ಹೊರತು ಹೇಗೂ ಬೀರುವಿನಲ್ಲಿದೆ ಎಂದು ಲೆಕ್ಕಕ್ಕೆ ಸೇರಿಸಿಕೊಳ್ಳಬಾರದು. ಬಿಡಿಸಿಕೊಳ್ಳುವ ದಾರಿ ಸದ್ಯಕ್ಕೆ ಕಾಣದಿದ್ದರೆ ಎಲ್ಲವನ್ನೂ ಅಡವಿಟ್ಟು ಹರಾಜಿಗೆ ಬಿಡುವುದಕ್ಕಿಂತ ಸ್ವಲ್ಪವನ್ನು ಮಾರಿಬಿಡುವುದೇ ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಕಂತು ತಪ್ಪುವ ಮೊದಲು ಬ್ಯಾಂಕಿಗೆ ಪತ್ರ

ಕೆಲಸ ಹೋದ ಪತ್ರದ ಪ್ರತಿ, ಹೆಂಡತಿಯ ಸಂಬಳದ ಚೀಟಿ, ನೀವು ಮಾಡಿದ ಹಾಳೆ ಇವನ್ನು ಲಗತ್ತಿಸಿ ಶಾಖಾ ವ್ಯವಸ್ಥಾಪಕರಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಕಷ್ಟದಲ್ಲಿದ್ದೇನೆ ಎಂದಷ್ಟೇ ಬರೆಯದೆ, ಆರು ತಿಂಗಳು ಬಡ್ಡಿ ಮಾತ್ರ ಕಟ್ಟಲು ಅವಕಾಶ ಕೊಡಿ ಅಥವಾ ಅವಧಿ ವಿಸ್ತರಿಸಿ ಎಂದು ನಿರ್ದಿಷ್ಟವಾಗಿ ಕೇಳಬೇಕು. 30 ಲಕ್ಷಕ್ಕೆ ಶೇ. 8.5ರಂತೆ ತಿಂಗಳ ಬಡ್ಡಿ 21,250 ರೂ. ಆಗುವುದರಿಂದ ಬಡ್ಡಿ ಮಾತ್ರ ಕಟ್ಟಿದರೆ ನಮ್ಮ ಸಂಸಾರಕ್ಕೆ ಉಳಿಯುವುದು ಸುಮಾರು 4,750 ರೂ. ಮಾತ್ರ. ಅವಧಿ ವಿಸ್ತರಣೆ ನಿಜವಾಗಿ ಕೈಹಿಡಿಯುವುದು ಸಾಲ ಮುಗಿಯುತ್ತ ಬಂದವರಿಗೆ. ಅದೇ ಬಡ್ಡಿಯಲ್ಲಿ 10 ಲಕ್ಷ ಬಾಕಿ, ಐದು ವರ್ಷ ಉಳಿದಿದ್ದರೆ ಕಂತು ಸುಮಾರು 20,500. ಅದನ್ನು ಹದಿನೈದು ವರ್ಷಕ್ಕೆ ಎಳೆದರೆ 9,850ರ ಆಸುಪಾಸು. ಒಟ್ಟು ಬಡ್ಡಿ ಮೂರು ಪಟ್ಟಿಗೂ ಹೆಚ್ಚಾಗುತ್ತದೆ ನಿಜ, ಆದರೆ ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಲು ದಂಡವಿಲ್ಲವಾದ್ದರಿಂದ ಕೆಲಸ ಸಿಕ್ಕ ಮೇಲೆ ಸರಿಪಡಿಸಿಕೊಳ್ಳಬಹುದು. ಮರುಹೊಂದಾಣಿಕೆಯಾದ ಸಾಲವೆಂಬ ಗುರುತು ಕ್ರೆಡಿಟ್ ವರದಿಯಲ್ಲಿ ಉಳಿಯಬಹುದು ಎಂಬುದನ್ನು ತಿಳಿದೇ ಸಹಿ ಮಾಡಿ.

ಬಾಡಿಗೆ ಮನೆಯವರಿಗೆ ಬೇರೆ ದಾರಿ. ಬೆಂಗಳೂರಿನಲ್ಲಿ ಅನೇಕ ಸಂಸಾರಗಳ ದೊಡ್ಡ ಉಳಿತಾಯ ಇರುವುದು ಮಾಲೀಕರ ಬಳಿಯ ಅಡ್ವಾನ್ಸಿನಲ್ಲಿ. ಚಿಕ್ಕ ಮನೆಗೆ ಹೋದರೆ ಬಾಡಿಗೆಯೂ ಇಳಿಯುತ್ತದೆ, ಅಡ್ವಾನ್ಸಿನ ಒಂದು ಪಾಲೂ ಬಿಡುಗಡೆಯಾಗುತ್ತದೆ. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿಯನ್ನೂ ಸಾಗಣೆ ಖರ್ಚನ್ನೂ ಮೊದಲೇ ಕಳೆದು ನೋಡಿ. ಬಾಡಿಗೆ ಉಳಿಯುತ್ತದೆಂದು ಹಣ ಕೂಡಿಸಿ ಭೋಗ್ಯಕ್ಕೆ ಹೋಗುವ ಯೋಚನೆಯಿದ್ದರೆ, ಆ ಮನೆಯ ಮೇಲೆ ಮಾಲೀಕರ ಬ್ಯಾಂಕ್ ಸಾಲವಿದೆಯೇ ಎಂದು ಋಣಭಾರ ಪ್ರಮಾಣಪತ್ರ ತೆಗೆಸಿ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಐದನೆಯ ಹೆಜ್ಜೆ: ಫೋನಿಗೆ ಉತ್ತರ

ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಕರೆ ಮಾಡಬಾರದು, ಬೆದರಿಸಬಾರದು, ಬಂಧುಮಿತ್ರರ ಮುಂದೆ ಅವಮಾನಿಸಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿಗೆ ಕೈ ಹಾಕುವಂತಿಲ್ಲ ಎಂಬುದೂ ಅದೇ ವರ್ಷದ ನಿಯಮ. ಕರೆ ಬಂದಾಗ ಹೆಸರು, ಸಂಸ್ಥೆ, ಸಮಯ ಬರೆದುಕೊಂಡು, ಪತ್ರದಲ್ಲಿ ತಿಳಿಸಿದ್ದೇನೆ, ಅದರ ಉತ್ತರವನ್ನು ಪತ್ರದಲ್ಲೇ ಕೊಡಿ ಎಂಬ ಒಂದೇ ವಾಕ್ಯವನ್ನು ಶಾಂತವಾಗಿ ಹೇಳಿ. ಈಡೇರಿಸಲಾಗದ ತಾರೀಖನ್ನು ಮಾತ್ರ ಬಾಯಿತಪ್ಪಿಯೂ ಕೊಡಬೇಡಿ. ಕಿರುಕುಳ ಮುಂದುವರಿದರೆ ಮೊದಲು ಸಂಸ್ಥೆಗೇ ದೂರು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ದೂರು, ಮಾಹಿತಿಗೆ 14448. ಮೀಟರ್ ಬಡ್ಡಿಯವರ ದೌರ್ಜನ್ಯಕ್ಕೆ ಪೊಲೀಸ್ ಠಾಣೆ ಇದೆ. 2025ರಲ್ಲಿ ರಾಜ್ಯ ತಂದ ಸಣ್ಣ ಸಾಲಗಳ ಕಾನೂನು ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಶಿಕ್ಷೆ ವಿಧಿಸಲು ಅವಕಾಶ ಕೊಡುತ್ತದೆ. ಕೋರ್ಟಿನ ನೋಟಿಸು ಬಂದರೆ ಅದನ್ನು ಬೀರುವಿನಲ್ಲಿಟ್ಟು ಮರೆಯದೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ.

ಇಷ್ಟೆಲ್ಲದರ ನಡುವೆ ಕೆಲಸ ಕಳೆದುಕೊಂಡವರು ಮಾತು ಕಡಿಮೆ ಮಾಡಿದರೆ, ನಿದ್ದೆ ಬಿಟ್ಟರೆ, ನಾನಿಲ್ಲದಿದ್ದರೆ ನಿಮಗೆ ಸುಲಭ ಎಂಬರ್ಥದ ಮಾತಾಡಿದರೆ, ಹಾಳೆಯನ್ನು ಮಡಿಸಿಟ್ಟು ಅಂದೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು. ಕನ್ನಡದಲ್ಲಿ, ಉಚಿತವಾಗಿ, ಹಗಲಿರುಳೂ ಮಾತನಾಡಬಹುದು. ಹಾಳೆಯನ್ನು ತಿಂಗಳುತಿಂಗಳು ತಿದ್ದುವ ಹೊಣೆ, ಪತ್ರಗಳ ಓಡಾಟದ ಹೊಣೆ ಕೆಲಸವಿಲ್ಲದವರದೇ ಆಗಿರಲಿ. ದುಡಿದು ಬಂದವರಿಗೆ ಅದರಿಂದ ಬಿಡುವು ಸಿಗುತ್ತದೆ, ಮನೆಯಲ್ಲಿರುವವರಿಗೆ ಮನೆಯ ಲೆಕ್ಕದಲ್ಲಿ ತಮ್ಮ ಸ್ಥಾನ ಉಳಿಯುತ್ತದೆ.

ಸಾಲ ಮುಗಿಸುವಾಗ

ಕಡಿಮೆ ಮೊತ್ತಕ್ಕೆ ರಾಜಿಯಾಗಲು ಬ್ಯಾಂಕು ಒಪ್ಪಿದರೆ, ಮೊತ್ತ ಮತ್ತು ಗಡುವನ್ನು ನಮೂದಿಸಿದ ಪತ್ರ ಕೈಗೆ ಬಂದ ಮೇಲೆಯೇ, ಏಜೆಂಟರ ಕೈಗೆ ನಗದಾಗಿ ಅಲ್ಲ, ಸಾಲದ ಖಾತೆಗೇ ಹಣ ಕಟ್ಟಿ. ಹೀಗೆ ಮುಗಿದ ಸಾಲವನ್ನು ಕ್ರೆಡಿಟ್ ವರದಿ ಪೂರ್ತಿ ತೀರಿದ ಸಾಲದಂತೆ ತೋರಿಸುವುದಿಲ್ಲ, ರಾಜಿಯಾದ ಸಾಲವೆಂದು ತೋರಿಸುತ್ತದೆ, ಹಾಗಾಗಿ ಇದು ಬೇರೆ ದಾರಿಯಿಲ್ಲದವರಿಗೆ ಮಾತ್ರ. ಕಂತು ಕಟ್ಟುವುದನ್ನು ನಿಲ್ಲಿಸಿ, ನಮಗೆ ಶುಲ್ಕ ಕೊಡಿ, ಸಾಲ ನಾವು ಇಳಿಸುತ್ತೇವೆ ಎನ್ನುವವರಿಂದ ದೂರವಿರಿ. ಪ್ರತಿ ಸಾಲ ತೀರಿದಾಗಲೂ ಬಾಕಿಯಿಲ್ಲದ ಪ್ರಮಾಣಪತ್ರ ಪಡೆಯಿರಿ, ಕೊಟ್ಟಿದ್ದ ಚೆಕ್ಕುಗಳನ್ನು ಎಣಿಸಿ ವಾಪಸು ತನ್ನಿ. ಗೃಹಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಹಿಂತಿರುಗಿಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂ. ಪರಿಹಾರವನ್ನು ಅದೇ ನಿಮಗೆ ಕೊಡಬೇಕು.