ವಾಸ್ತುಶಿಲ್ಪ ಓದುವಾಗಲೇ ಕಟ್ಟಡದ ಕೆಲಸಕ್ಕೆ ಸಿದ್ಧರಾಗುವುದು ಹೇಗೆ?

ಬಿ.ಆರ್ಕ್. ಓದು ಐದು ವರ್ಷಗಳದು. ಪದವಿ ಪಡೆದ ಮೇಲೂ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿಯಾಗದವರು ಆರ್ಕಿಟೆಕ್ಟ್ ಎಂಬ ಹೆಸರನ್ನು ಬಳಸಲು 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಒಪ್ಪುವುದಿಲ್ಲವಾದ್ದರಿಂದ, ಮುಂದೆ ನೋಂದಣಿಗೆ ತೊಡಕಾಗದಂತೆ ಕಾಲೇಜಿಗೆ ಕೌನ್ಸಿಲ್‌ನ ಮಾನ್ಯತೆ ಇರುವುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಮೊದಲ ವರ್ಷದಲ್ಲೇ ಬಹುಪಾಲು ವಿದ್ಯಾರ್ಥಿಗಳು ಸಾಫ್ಟ್‌ವೇರ್ ಕಲಿಯಲು ಧಾವಿಸುತ್ತಾರೆ. ಅದು ಬೇಕಾದದ್ದೇ, ಆದರೆ ಅದಕ್ಕಿಂತ ಮೊದಲು ಕೈಗೆ ಅಳತೆಪಟ್ಟಿ ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಮನೆಯ ಮೆಟ್ಟಿಲುಗಳಿಂದಲೇ ಆರಂಭಿಸಿ. ವಾಸದ ಮನೆಗಳಲ್ಲಿ ಮೆಟ್ಟಿಲಿನಲ್ಲಿ ಪಾದವಿಡುವ ಭಾಗದ ಅಗಲ 250 ಮಿ.ಮೀ.ಗಿಂತ ಕಡಿಮೆಯಾಗಬಾರದು, ಎತ್ತರ 190 ಮಿ.ಮೀ.ಯನ್ನು ಮೀರಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಿಮ್ಮ ಅಜ್ಜಿಗೆ ಹತ್ತಲು ಕಷ್ಟವಾಗುವ ಮೆಟ್ಟಿಲನ್ನು ಅಳೆದು ನೋಡಿದರೆ ಆ ಅಂಕಿಗಳ ಅರ್ಥ ತಾನಾಗಿ ತಿಳಿಯುತ್ತದೆ. ಬಳಿಕ ಊರಿನ ಹಳೆಯ ತೊಟ್ಟಿ ಮನೆಯೊಂದನ್ನು, ಗೋಡೆಯ ದಪ್ಪ, ಕಿಟಕಿಯ ಎತ್ತರ, ಸೂರಿನ ಇಳಿಜಾರುಗಳೊಂದಿಗೆ, ಪೂರ್ತಿಯಾಗಿ ಅಳೆದು ಕಾಗದದ ಮೇಲೆ ಬಿಡಿಸಿ.

ಎರಡನೆಯ ವರ್ಷದ ಹೊತ್ತಿಗೆ, ಮಾಲೀಕರ ಮತ್ತು ಮೇಸ್ತ್ರಿಯವರ ಅನುಮತಿ ಪಡೆದು, ಹತ್ತಿರದಲ್ಲಿ ಕಟ್ಟುತ್ತಿರುವ ಒಂದೇ ಮನೆಗೆ ಪಾಯದಿಂದ ತಾರಸಿಯವರೆಗೆ ವಾರಕ್ಕೊಮ್ಮೆ ಹೋಗಿ ಬನ್ನಿ. ಹತ್ತು ಕಟ್ಟಡಗಳನ್ನು ಒಂದೊಂದು ಸಲ ನೋಡುವುದಕ್ಕಿಂತ ಇದರಿಂದ ಹೆಚ್ಚು ಕಲಿಯಬಹುದು. ಕಬ್ಬಿಣದ ಕಂಬಿಗೂ ಕಾಂಕ್ರೀಟು ಸುರಿಯಲು ಕಟ್ಟುವ ಸೆಂಟ್ರಿಂಗ್ ಹಲಗೆಗೂ ನಡುವೆ, ಅಂತರ ಉಳಿಸುವ ಚಿಕ್ಕ ತುಂಡಾದ ಕವರ್ ಬ್ಲಾಕ್ ಇಟ್ಟಿದ್ದಾರೆಯೇ ಎಂದು ಗಮನಿಸಿ: ಆ ಅಂತರವಿಲ್ಲದಿದ್ದರೆ ತೇವ ಬೇಗನೆ ಕಂಬಿಯನ್ನು ತಲುಪುತ್ತದೆ, ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಕಾಂಕ್ರೀಟು ಗಟ್ಟಿಯಾಗಲು ಅದನ್ನು ಒದ್ದೆಯಾಗಿಡುವ ಕ್ಯೂರಿಂಗ್ ಎಷ್ಟು ದಿನ ನಡೆಯುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿ.ಪಿ.ಸಿ. ಸಿಮೆಂಟಿಗೆ ಕನಿಷ್ಠ 10 ದಿನ ಎಂದು ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐ.ಎಸ್. 456 ವಿಧಿಸುತ್ತದೆ, ಈ ನಿಯಮವನ್ನು ಪುಸ್ತಕದಲ್ಲಿ ಓದುವುದು ಸುಲಭ, ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗಾಗಿ ಕಾಯುವ ಸೈಟಿನಲ್ಲಿ ಪಾಲಿಸುವುದು ಎಷ್ಟು ಕಷ್ಟವೆಂಬುದನ್ನು ನಿಂತು ನೋಡಬೇಕು. ಮೇಸ್ತ್ರಿಯವರನ್ನು ಪ್ರಶ್ನೆ ಕೇಳುವಾಗ ಅವರ ಕೆಲಸದ ಹೊತ್ತನ್ನು ಗೌರವಿಸಿ.

ಸಾಮಗ್ರಿಗಳನ್ನು ಅವು ಹುಟ್ಟುವ ನೆಲದಲ್ಲೇ ನೋಡುವುದು ಒಳ್ಳೆಯದು. ಕರಾವಳಿಯ ಕೆಂಪುಕಲ್ಲು, ಕಲಬುರಗಿಯ ಶಹಾಬಾದ್ ಕಲ್ಲು, ಮಂಗಳೂರು ಹೆಂಚು, ಇವೆಲ್ಲವೂ ನಮ್ಮ ರಾಜ್ಯದಲ್ಲೇ ಇವೆ. 2018ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವೆನಿಸಿದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಬಾಲಕೃಷ್ಣ ದೋಶಿಯವರು ವಿನ್ಯಾಸ ಮಾಡಿದ ಬೆಂಗಳೂರಿನ ಐ.ಐ.ಎಂ. ಆವರಣದ ಕಲ್ಲಿನ ಗೋಡೆಗಳನ್ನೂ ನೆರಳು ಬೆಳಕಿನ ಓಣಿಗಳನ್ನೂ ಸಾಧ್ಯವಾದರೆ ಅನುಮತಿ ಪಡೆದು ನೋಡಿ.

ಅಂದಾಜುಪಟ್ಟಿಯನ್ನು ಕಡೆಗಣಿಸಬೇಡಿ. ನೀವೇ ವಿನ್ಯಾಸ ಮಾಡಿದ ಒಂದು ಕೋಣೆಗೆ ಇಟ್ಟಿಗೆ, ಸಿಮೆಂಟು, ಜಲ್ಲಿ, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಎಷ್ಟು ಬೇಕೆಂದು ಲೆಕ್ಕ ಹಾಕಿ, ಲೋಕೋಪಯೋಗಿ ಇಲಾಖೆಯ ದರಪಟ್ಟಿಯಂತೆ ವೆಚ್ಚ ಕಟ್ಟಿ ನೋಡಿ. ಮುಂದೆ ಸಾಲ ಮಾಡಿ ಮನೆ ಕಟ್ಟಿಸುವವರ ಹಣ ನಿಮ್ಮ ಗೆರೆಗಳನ್ನೇ ಅವಲಂಬಿಸಿರುತ್ತದೆ.

ತರಬೇತಿಯ ಸೆಮಿಸ್ಟರ್ ಬಂದಾಗ, ಹೆಸರುವಾಸಿಯಾದ ಕಚೇರಿಗಿಂತ ನಿಮ್ಮನ್ನು ಸೈಟಿಗೆ ಕಳುಹಿಸುವ ಕಚೇರಿಯನ್ನು ಆರಿಸಿಕೊಳ್ಳಿ. ಕೆಲಸ ಕೇಳಲು ಸಿದ್ಧಪಡಿಸುವ ಪೋರ್ಟ್‌ಫೋಲಿಯೋದಲ್ಲಿ ಬಣ್ಣದ ಚಿತ್ರಗಳ ಜೊತೆಗೆ, ಕಿಟಕಿ ಗೋಡೆಗೆ ಕೂಡುವ ಜಾಗದ ಒಂದು ವಿವರವಾದ ನಕ್ಷೆಯೂ, ಅದು ಸೈಟಿನಲ್ಲಿ ಏಕೆ ಬದಲಾಯಿತೆಂಬ ಟಿಪ್ಪಣಿಯೂ ಇರಲಿ.