16 ಎಂಎಂ ಹಾಸ್ಯಚಿತ್ರ: ಪ್ರಿಂಟ್ ಕೊಳ್ಳುವ ಮುಂಚೆ ಅಡಿ ಲೆಕ್ಕ ಹಾಕಿ

ಯುದ್ಧ ಮುಗಿದ ಮೇಲಿನ ಬ್ರಿಟಿಷ್ ಹಾಸ್ಯಚಿತ್ರ ಅಂದರೆ ಈಲಿಂಗ್ ಸ್ಟುಡಿಯೋ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ನಾನು ಹುಡುಕುವುದು ಮ್ಯಾಂಚೆಸ್ಟರಿನ ಮ್ಯಾಂಕ್ಯೂನಿಯನ್ ಕಂಪನಿಯ ಚಿತ್ರಗಳ ಹಳೆಯ 16 ಎಂಎಂ ಫಿಲ್ಮ್ ಪ್ರತಿಗಳನ್ನು (ಪ್ರಿಂಟ್). ಕಂಪನಿಯ ಸ್ಥಾಪಕ ಜಾನ್ ಬ್ಲೇಕ್ಲಿ 1947ರಲ್ಲಿ ಅದೇ ಊರಿನ ರಶೋಮ್ ಬಡಾವಣೆಯ ಹಳೆಯ ಚರ್ಚೊಂದನ್ನೇ ಸ್ಟುಡಿಯೋ ಮಾಡಿಕೊಂಡರು. 1954ರಲ್ಲಿ ಅದು ಬಿಬಿಸಿ ಪಾಲಾಯಿತು. ಫ್ರಾಂಕ್ ರ‍್ಯಾಂಡಲ್, ಸ್ಯಾಂಡಿ ಪೊವೆಲ್‌ರಂಥ ರಂಗದ ನಟರ ಮುಂದೆ ಕ್ಯಾಮೆರಾ ನಿಲ್ಲಿಸಿ, ಅವರ ಪಾಡಿಗೆ ಆಡಲು ಬಿಡುತ್ತಿದ್ದರು. ಕಥೆ ತೀರ ತೆಳು. ಆದರೆ ಮ್ಯೂಸಿಕ್ ಹಾಲ್‌ಗಳಲ್ಲಿ (ಹಾಡು, ಹಾಸ್ಯದ ರಂಗಮಂದಿರಗಳು) ಪಳಗಿದ ಪ್ರಸಂಗಗಳು ಅದೇ ಲಯದಲ್ಲಿ ಇಲ್ಲಿ ಉಳಿದಿವೆ. ಆ ಲಯಕ್ಕಾಗಿಯೇ ಈ ಪ್ರಿಂಟ್‌ಗಳ ಬೆನ್ನು ಹತ್ತುವುದು. ಕತ್ತರಿ ಬಿದ್ದಿದ್ದರೆ ಹೋಗುವುದೂ ಅದೇ.

ಹಾಗಾಗಿ ಮೊದಲು ಉದ್ದ ನೋಡುತ್ತೇನೆ. ಅಂದಿನ ಪತ್ರಿಕೆಗಳು ಚಿತ್ರಮಂದಿರದ 35 ಎಂಎಂ ಫಿಲ್ಮಿನ ಅಡಿಯಲ್ಲಿ ಉದ್ದ ಕೊಟ್ಟಿದ್ದರೆ, 16 ಎಂಎಂ ಅಡಿ ತಿಳಿಯಲು ಅದನ್ನು 0.4ರಿಂದ ಗುಣಿಸಿ. 7,200 ಅಡಿ ಅಂದರೆ 80 ನಿಮಿಷ, 16 ಎಂಎಂನಲ್ಲಿ 2,880 ಅಡಿ. 1,600 ಅಡಿಯ ರೀಲು ಓಡುವುದು ಸುಮಾರು 44 ನಿಮಿಷ. 80 ನಿಮಿಷದ ಚಿತ್ರವನ್ನು ಅಂಥ ಒಂದೇ ರೀಲಿನಲ್ಲಿಟ್ಟು "ಪೂರ್ತಿ ಇದೆ" ಅಂದರೆ ನಂಬಬೇಡಿ, ಅದು ಕತ್ತರಿಸಿದ ಪ್ರತಿ.

ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೊಳೆಯುತ್ತಿದೆ ಎಂದರ್ಥ; ಡಬ್ಬಿಯಲ್ಲಿ ಎ-ಡಿ ಸ್ಟ್ರಿಪ್ (ಆಮ್ಲಕ್ಕೆ ಬಣ್ಣ ಬದಲಿಸುವ ಕಾಗದದ ಪಟ್ಟಿ) ಹಾಕಿ ಒಂದು ದಿನ ಮುಚ್ಚಿಡಿ. ನೀಲಿ ಪಟ್ಟಿ ಹಸಿರಾಗಿ ಹಳದಿಗೆ ತಿರುಗುತ್ತಿದ್ದರೆ ಆ ರೀಲನ್ನು ಉಳಿದವುಗಳಿಂದ ದೂರವಿಡಿ. ಕುಗ್ಗಿದೆಯೇ ಎಂದು ತಿಳಿಯಲು ಫಿಲ್ಮನ್ನು ಎಳೆಯದೆ ಹಾಸಿ, 100 ಫ್ರೇಮ್ ಅಳೆಯಿರಿ. ಹೊಸದು 762 ಮಿ.ಮೀ. ಇರುತ್ತದೆ. 754ಕ್ಕೆ ಇಳಿದಿದ್ದರೆ ಶೇಕಡ 1ರಷ್ಟು ಕುಗ್ಗಿದೆ. ಪ್ರೊಜೆಕ್ಟರಿಗೆ ಹಾಕಿದರೆ ಅದರ ಹಲ್ಲು ಸರಿಯಾಗಿ ಕೂರದೆ ಫಿಲ್ಮಿನ ಅಂಚಿನ ರಂಧ್ರಗಳು ಹರಿಯಬಹುದು.

ಇನ್ನು ಸ್ಪ್ಲೈಸ್, ಅಂದರೆ ಫಿಲ್ಮಿನ ಜೋಡಣೆ. ಫಿಲ್ಮನ್ನು ರಿವೈಂಡರ್ ಮೇಲೆ ನಿಧಾನವಾಗಿ ತಿರುಗಿಸುತ್ತ, ಹತ್ತಿ ಗ್ಲೋವ್ ಹಾಕಿದ ಬೆರಳುಗಳ ನಡುವೆ ಅಂಚು ಹಾಯಿಸಿದರೆ ಪ್ರತಿ ಜೋಡಣೆಯೂ ಕೈಗೆ ತಗಲುತ್ತದೆ. ಪ್ರೊಜೆಕ್ಟರಿನಲ್ಲಿ ಫಿಲ್ಮ್ ಮೊದಲು ಚಿತ್ರದ ಕಿಂಡಿ ದಾಟಿ ಆಮೇಲೆ ಶಬ್ದ ಓದುವ ಜಾಗಕ್ಕೆ ಬರುವುದರಿಂದ, 16 ಎಂಎಂನಲ್ಲಿ ಶಬ್ದ ಅದರ ಚಿತ್ರಕ್ಕಿಂತ 26 ಫ್ರೇಮ್ ಮುಂದೆ ಮುದ್ರಿತವಾಗಿರುತ್ತದೆ. ಆದ್ದರಿಂದ ಫ್ರೇಮ್ ಕಳೆದ ಕಡೆ ಮೊದಲು ಚಿತ್ರ ಹಾರುತ್ತದೆ, ಒಂದು ಸೆಕೆಂಡಿನ ಮೇಲೆ ಮಾತು ಹಾರುತ್ತದೆ. ಗಂಭೀರ ಚಿತ್ರ ಇದನ್ನು ಹೇಗೋ ತಾಳಿಕೊಳ್ಳುತ್ತದೆ. ಹಾಸ್ಯದಲ್ಲಿ ಉತ್ತರಕ್ಕೆ ಮೊದಲು ನಟ ಸುಮ್ಮನೆ ದಿಟ್ಟಿಸುವ ಆ ಅರೆಕ್ಷಣವೇ ನಗು. 12 ಫ್ರೇಮ್ ಹೋದರೆ ಪ್ರಸಂಗವೇ ಸತ್ತಂತೆ.

ಆದಕಾರಣ ರಿಪೇರಿಯಲ್ಲಿ ಹರಿದ ಫ್ರೇಮನ್ನು ಕತ್ತರಿಸಿ ಎಸೆಯಬಾರದು. ಸಿಮೆಂಟ್ (ಫಿಲ್ಮ್ ಅಂಟಿಸುವ ದ್ರಾವಣ) ಜೋಡಣೆಗೆ ತುದಿಗಳನ್ನು ಒಂದರ ಮೇಲೊಂದು ಹೊದಿಸಬೇಕಾಗುವುದರಿಂದ ಚಿತ್ರ ನಷ್ಟವಾಗುತ್ತದೆ, ಪಾಲಿಯೆಸ್ಟರ್ ಫಿಲ್ಮಿಗಂತೂ ಅದು ಹಿಡಿಯುವುದೇ ಇಲ್ಲ. ತುದಿಗೆ ತುದಿ ಕೂಡಿಸಿ, ಎರಡೂ ಬದಿಗೆ ಸ್ಪ್ಲೈಸಿಂಗ್ ಟೇಪ್ ಹಾಕಿ.

ಒಂದೇ ಚಿತ್ರದ ಭಾಗ ಕಳೆದುಹೋದ ಎರಡು ಪ್ರಿಂಟ್ ಸಿಕ್ಕಿದರೆ ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಸೇರಿಸಬೇಡಿ. ಎರಡನ್ನೂ ಸ್ಕ್ಯಾನ್ ಮಾಡಿಸಿ, ಕೂಡಿಸುವ ಕೆಲಸವನ್ನು ಕಂಪ್ಯೂಟರಿನಲ್ಲೇ ಮಾಡಿ.